ಮುಗಿದುಹೋದ ಧಾರಾವಾಹಿಯೊಳಗೆ ವೀಜರ್ ನುಗ್ಗಿದ್ದು ಹೇಗೆ?

ಓದುಗರ ಪ್ರಶ್ನೆ: ವಿಂಡೋಸ್ 95ರ ಸಿ.ಡಿ.ಯಲ್ಲಿ ‘ಬಡ್ಡಿ ಹಾಲಿ’ ಎಂಬ ಹಾಡಿನ ವಿಡಿಯೊ ಇತ್ತು. ಅದರಲ್ಲಿ ವೀಜರ್ ಎಂಬ ರಾಕ್ ಬ್ಯಾಂಡಿನವರು, ಐವತ್ತರ ದಶಕದ ಕತೆ ಹೇಳುವ ಅಮೆರಿಕದ ‘ಹ್ಯಾಪಿ ಡೇಸ್’ ಧಾರಾವಾಹಿಯ ಪಾತ್ರಗಳೆದುರೇ ಹಾಡುತ್ತಾರೆ. ಆ ಧಾರಾವಾಹಿ 1984ರಲ್ಲೇ ಮುಗಿದಿತ್ತಲ್ಲವೇ? ಇದು ಕಂಪ್ಯೂಟರ್ ಗ್ರಾಫಿಕ್ಸೇ?

ಉತ್ತರ: ಹಾಗೆ ಅನ್ನಿಸುವುದು ಸಹಜ. ವಿಡಿಯೊ ಬಂದ 1994ರಲ್ಲೇ ‘ಫಾರೆಸ್ಟ್ ಗಂಪ್’ ಸಿನಿಮಾ ಕಂಪ್ಯೂಟರಿನ ನೆರವಿನಿಂದ ಟಾಮ್ ಹ್ಯಾಂಕ್ಸ್ ಅವರನ್ನು ಅಧ್ಯಕ್ಷ ಕೆನಡಿಯವರ ಪಕ್ಕ ನಿಲ್ಲಿಸಿತ್ತು. ಆದರೆ ವೀಜರ್ ವಿಡಿಯೊದ ಜೀವಾಳ ಸಂಕಲನ.

ನಿರ್ದೇಶಕ ಸ್ಪೈಕ್ ಜೋನ್ಜ್ ಧಾರಾವಾಹಿಯಲ್ಲಿ ಬರುವ ‘ಆರ್ನಾಲ್ಡ್ಸ್’ ಹೋಟೆಲಿನ ಸೆಟ್ಟನ್ನು ಹಾಲಿವುಡ್‌ನಲ್ಲಿ, ಹಿಂದೆ ಚಾರ್ಲಿ ಚಾಪ್ಲಿನ್ ಕಟ್ಟಿಸಿದ್ದ ಸ್ಟುಡಿಯೊದಲ್ಲಿ ಮತ್ತೆ ಎಬ್ಬಿಸಿದರು. ಸ್ವೆಟರ್ ತೊಟ್ಟ ಬ್ಯಾಂಡಿನವರನ್ನು ಅದರ ವೇದಿಕೆಗೆ ಹತ್ತಿಸಿದರು. ಪ್ರೇಕ್ಷಕರ ನಗು, ತಲೆದೂಗುವಿಕೆಗೆಲ್ಲ ಹಳೆಯ ಕಂತುಗಳ ತುಣುಕುಗಳನ್ನೇ ಆಯ್ದರು. ಬ್ಯಾಂಡಿನ ಒಂದು ಶಾಟ್, ಅದರ ಬೆನ್ನಿಗೇ ಯಾವುದೋ ಹಳೆಯ ಕಂತಿನಲ್ಲಿ ಯಾರನ್ನೋ ನೋಡಿ ನಗುವ ಮುಖ. ಇಬ್ಬರೂ ಒಂದೇ ಕೋಣೆಯಲ್ಲಿದ್ದಾರೆಂದು ನಮ್ಮ ಕಣ್ಣು ತಾನಾಗಿ ನಂಬುತ್ತದೆ. ಸಿನಿಮಾದಷ್ಟೇ ಹಳೆಯ ಉಪಾಯ.

ಧಾರಾವಾಹಿಯ ಜನಪ್ರಿಯ ಪಾತ್ರ ಫಾನ್ಜಿಯ ಕುಣಿತವನ್ನು ಗಮನವಿಟ್ಟು ನೋಡಿ, ಗುಟ್ಟು ಅಲ್ಲಿದೆ. ಮುಖ ಕಾಣುವಾಗ ಕುಣಿಯುವವರು ಹಳೆಯ ಕಂತಿನಲ್ಲಿ ಆ ಪಾತ್ರ ಮಾಡಿದ್ದ ಹೆನ್ರಿ ವಿಂಕ್ಲರ್. ಬೆನ್ನು ಮಾತ್ರ ಕಂಡಾಗ ಅದು ಚರ್ಮದ ಜಾಕೆಟ್ ತೊಟ್ಟ ಡ್ಯೂಪ್. ಹಳಬರಲ್ಲಿ ಹೊಸದಾಗಿ ಬಂದು ನಟಿಸಿದವರು ಹೋಟೆಲಿನ ಮಾಲೀಕ ಆಲ್ ಪಾತ್ರದ ಆಲ್ ಮೊಲಿನಾರೊ. ಲಾಸ್ ಏಂಜಲೀಸ್‌ನ ಈ ಹುಡುಗರನ್ನು ಅವರು ವಿಸ್ಕಾನ್ಸಿನ್‌ನ ಕೆನೋಶಾ ಊರಿನವರೆಂದು ಪರಿಚಯಿಸುತ್ತಾರೆ, ಮೀನಿನ ಖಾದ್ಯವನ್ನೂ ಶಿಫಾರಸು ಮಾಡುತ್ತಾರೆ! ಧಾರಾವಾಹಿಯ ಕತೆ ನಡೆಯುವ ಮಿಲ್ವಾಕಿಗೆ ಕೆನೋಶಾ ಹತ್ತಿರದ ಊರು, ಸುಳ್ಳಿನಲ್ಲೂ ಅಚ್ಚುಕಟ್ಟು.

ನನಗಂತೂ ಹೆಚ್ಚು ನಗೆ ತರಿಸುವುದು ಬ್ಯಾಂಡಿನವರ ಗಂಭೀರ ಮುಖಗಳು. ತಮಾಷೆ ಮಾಡುತ್ತಿದ್ದೇವೆಂಬ ಸುಳಿವನ್ನೇ ಅವರು ಕೊಡುವುದಿಲ್ಲ. ಎಪ್ಪತ್ತರ ದಶಕದವರು ಹಂಬಲಿಸಿ ಕಟ್ಟಿಕೊಂಡ ಐವತ್ತರ ದಶಕದೊಳಗೆ ತೊಂಬತ್ತರ ಹುಡುಗರು ಸಭ್ಯರಾಗಿ ನಿಂತು ಹಾಡುತ್ತಾರೆ, ಅಷ್ಟೇ. ಹಾಡು ಬರೆದ ರಿವರ್ಸ್ ಕ್ವೋಮೊ ಇದನ್ನು ಆಲ್ಬಮ್‌ನಿಂದ ಕೈಬಿಡುವ ಯೋಚನೆಯಲ್ಲಿದ್ದರು. ನಿರ್ಮಾಪಕ ರಿಕ್ ಒಕಾಸೆಕ್ ಪಟ್ಟು ಹಿಡಿದು ಉಳಿಸಿದರು. ಹಾಡು ಸಿಂಗಲ್ ಆಗಿ, ಅಂದರೆ ಬಿಡಿಯಾಗಿ, ಹೊರಬಂದದ್ದು 1994ರ ಸೆಪ್ಟೆಂಬರ್ 7ರಂದು, ಗಾಯಕ ಬಡ್ಡಿ ಹಾಲಿಯ ಜನ್ಮದಿನದಂದೇ.

1995ರಲ್ಲಿ ಎಂಟಿವಿ ಈ ವಿಡಿಯೊಗೆ ನಾಲ್ಕು ಪ್ರಶಸ್ತಿ ಕೊಟ್ಟಿತು. ಅವುಗಳಲ್ಲಿ ಒಂದು ಸಂಕಲನಕ್ಕೆ ಸಂದದ್ದು. ಅದೇ ವರ್ಷ ಮೈಕ್ರೋಸಾಫ್ಟ್, ಕಂಪ್ಯೂಟರ್ ವಿಡಿಯೊವನ್ನೂ ತೋರಿಸಬಲ್ಲದು ಎಂದು ಜನರಿಗೆ ಮನವರಿಕೆ ಮಾಡಿಸಲು ಇದನ್ನು ತನ್ನ ಸಿ.ಡಿ.ಗೆ ಸೇರಿಸಿಕೊಂಡಿತು. ಆ ಒಪ್ಪಂದ ನಡೆದದ್ದು ಕ್ಯಾಸೆಟ್ ಕಂಪನಿಯ ಮಟ್ಟದಲ್ಲಿ. ಬ್ಯಾಂಡಿನವರನ್ನು ಯಾರೂ ಕೇಳಿರಲಿಲ್ಲ.