ವಾರ್ಡಿನ ಎಂಜಿನಿಯರ್‌ಗೆ ಯಾವ ಅರ್ಹತೆ ಬೇಕು? ಬೆಂಗಳೂರಿನ ಹಳೆಯ ಚರ್ಚೆಯ ಜಾಡು

ಬೆಂಗಳೂರಿನಲ್ಲಿ ಮಳೆಗಾಲ ಶುರುವಾಗಿ ರಸ್ತೆಗುಂಡಿಯ ಮಾತು ಬಂತೆಂದರೆ ಪಾಲಿಕೆ ಎಂಜಿನಿಯರ್‌ಗಳ ಅರ್ಹತೆಯ ಮಾತೂ ಬರುತ್ತದೆ. ಬಿಇ ಸಿವಿಲ್ ಇದ್ದರೆ ಸಾಕೇ? ಡಿಪ್ಲೊಮಾ ಮಾಡಿ ಕಿರಿಯ ಎಂಜಿನಿಯರ್ ಆದವರಿಗೆ ಬಡ್ತಿ ಎಲ್ಲಿಯವರೆಗೆ? ಲೋಕೋಪಯೋಗಿ ಇಲಾಖೆಯಿಂದ ನಿಯೋಜನೆ ಮೇಲೆ ಬಂದವರು ಇರಬೇಕೇ, ಮಾತೃ ಇಲಾಖೆಗೆ ಮರಳಬೇಕೇ? ಮೂರೂ ಪ್ರಶ್ನೆಗಳು ಹುಟ್ಟಿದ್ದು ಈ ಊರಿನ ಆಡಳಿತ ಬೆಳೆದ ರೀತಿಯಿಂದ.

1862ರಲ್ಲಿ ಹಳೆಯ ಪೇಟೆಗೊಂದು, ಬ್ರಿಟಿಷರ ದಂಡು ಪ್ರದೇಶಕ್ಕೊಂದು ಮುನಿಸಿಪಲ್ ಮಂಡಳಿ ಬಂದಾಗ ದೊಡ್ಡ ಕಾಮಗಾರಿಗಳೆಲ್ಲ ಸರ್ಕಾರದ ಎಂಜಿನಿಯರ್‌ಗಳ ಕೈಯಲ್ಲಿದ್ದವು. ಆ ಕಾಲದಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ಸೇನೆಯಿಂದ ಬಂದವರು. ಪುಣೆಯಲ್ಲಿ ಓದಿ 1884ರಲ್ಲಿ ಬೊಂಬಾಯಿಯ ಲೋಕೋಪಯೋಗಿ ಇಲಾಖೆ ಸೇರಿದ ವಿಶ್ವೇಶ್ವರಯ್ಯನವರು 1909ರಲ್ಲಿ ಈ ಸಂಸ್ಥಾನಕ್ಕೆ ಮುಖ್ಯ ಎಂಜಿನಿಯರ್ ಆಗಿ ಬಂದರು. ಅಷ್ಟರಲ್ಲಿ ಅವರು ಸಿಂಧ್‌ನ ಸಕ್ಕರ್ ಊರಿಗೆ ಕುಡಿಯುವ ನೀರು ಕೊಟ್ಟಿದ್ದರು, ಮೂಸಿ ನದಿಯ ಪ್ರವಾಹದ ನಂತರ ಹೈದರಾಬಾದಿನ ಒಳಚರಂಡಿಯ ಲೆಕ್ಕ ಹಾಕಿದ್ದರು. ಪದವಿಯ ಜೊತೆಗೆ ನಗರದ ಅನುಭವವೂ ಇತ್ತು. 1917ರಲ್ಲಿ ಬೆಂಗಳೂರಿನಲ್ಲೇ ಎಂಜಿನಿಯರಿಂಗ್ ಕಾಲೇಜು ಶುರುವಾದ ಮೇಲೆ ಪದವೀಧರರ ಕೊರತೆ ನೀಗುತ್ತಾ ಬಂತು. ನಗರದ ಅನುಭವವನ್ನು ಅರ್ಹತೆಯಾಗಿ ಕೇಳುವ ರೂಢಿ ಮಾತ್ರ ಬೆಳೆಯಲಿಲ್ಲ.

1949ರಲ್ಲಿ ಎರಡೂ ಮಂಡಳಿಗಳು ಸೇರಿ ಕಾರ್ಪೊರೇಷನ್ ಆಯಿತು. 1964ರಲ್ಲಿ ಜಲಮಂಡಳಿ ಬಂದು ನೀರು, ಒಳಚರಂಡಿ ಪಾಲಿಕೆಯ ಕೈಬಿಟ್ಟವು. ಈ ಕೊನೆಯದು ಸಣ್ಣ ಬದಲಾವಣೆಯಲ್ಲ. ರಸ್ತೆಯ ಮೇಲ್ಮೈ ಒಬ್ಬರದು, ಅದರಡಿಯ ಕೊಳವೆ ಇನ್ನೊಬ್ಬರದು ಎಂದಾಯಿತು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದಾಗ ಕೆಲಸ ಒಮ್ಮೆಲೇ ಹಲವು ಪಟ್ಟಾಯಿತು. ಪಾಲಿಕೆಯ ಸ್ವಂತ ಎಂಜಿನಿಯರ್‌ಗಳ ವೃಂದ ಅದಕ್ಕೆ ಸಾಲದೆ ನಿಯೋಜನೆಯೇ ರೂಢಿಯಾಯಿತು.

ನಿಯೋಜನೆ ಮೇಲೆ ಬಂದವರು ಕಡಿಮೆ ಓದಿದವರಲ್ಲ. ಆದರೆ ಹೆದ್ದಾರಿಯ ಕೆಲಸ ಬೇರೆ, ಓಣಿಯ ಕೆಲಸ ಬೇರೆ. ಹೆದ್ದಾರಿಯಲ್ಲಿ ಹಳೆಯ ಡಾಂಬರಿನ ಮೇಲೆ ಇನ್ನೊಂದು ಪದರ ಹಾಕಿ ಅಂಚಿನ ಮಣ್ಣನ್ನು ಏರಿಸಿದರೆ ಮುಗಿಯಿತು. ಮಲ್ಲೇಶ್ವರದ ಅಡ್ಡರಸ್ತೆಯಲ್ಲಿ ಹಾಗೆ ಮಾಡಲಾಗದು. ಒಂದು ಪದರಕ್ಕೆ 40 ಮಿ.ಮೀ. ಎಂದರೂ ಮೂರು ಸಲ ಹಾಕಿದರೆ 12 ಸೆಂ.ಮೀ. ಕರ್ಬ್ ಕಲ್ಲಿನ ಎತ್ತರವೇ ಸಾಮಾನ್ಯವಾಗಿ 15 ಸೆಂ.ಮೀ. ಆಗ ಮೋರಿಯ ಬಾಯಿ ಡಾಂಬರಿನಡಿ ಅರ್ಧ ಮುಚ್ಚಿಹೋಗುತ್ತದೆ, ಮಳೆನೀರು ಮನೆಯ ಗೇಟಿನೊಳಗೆ ನುಗ್ಗುತ್ತದೆ. ಮೊದಲು ಹಳೆಯ ಪದರ ಕೆರೆದು ತೆಗೆಯಬೇಕು, ಲೆವೆಲ್ ಯಂತ್ರ ಇಟ್ಟು ಮೋರಿ ಬಾಯಿಯ ಮಟ್ಟ ನೋಡಬೇಕು, ನಡುವಿನಿಂದ ಅಂಚಿಗೆ ಶೇ 2ರಷ್ಟು ಇಳಿಜಾರು ಕೊಡಬೇಕು. ಏಳು ಮೀಟರ್ ಅಗಲದ ರಸ್ತೆಗೆ ಅದು ಬರೀ ಏಳು ಸೆಂ.ಮೀ. ಕಣ್ಣಂದಾಜಿಗೆ ಸಿಗುವುದಿಲ್ಲ.

ಗುಂಡಿಗಳ ಇನ್ನೊಂದು ಮೂಲ ಅಗೆತ. ಕೊಳವೆ ಅಥವಾ ಕೇಬಲ್ ಹಾಕಿದವರು ಒಂದು ಮೀಟರ್ ಆಳದ ಕಾಲುವೆಗೆ ಮಣ್ಣನ್ನು ಒಂದೇ ಸಲ ಸುರಿದು ಮೇಲೆ ಜಲ್ಲಿ ಹರಡಿ ಹೋಗುತ್ತಾರೆ. 15ರಿಂದ 20 ಸೆಂ.ಮೀ. ಪದರ ಪದರವಾಗಿ ನೀರು ಹದಮಾಡಿ ದಮ್ಮಸು ಮಾಡದಿದ್ದರೆ ಮೊದಲ ಜೋರು ಮಳೆಗೇ ಅದು ಕುಸಿಯುತ್ತದೆ. ಡಾಂಬರು ಎಷ್ಟೇ ಚೆನ್ನಾಗಿದ್ದರೂ ಮೇಲೆ ನಿಲ್ಲದು.

ಹಾಗಾಗಿ ನೇಮಕಾತಿ ನಿಯಮದಲ್ಲಿ ಪದವಿಯ ಸಾಲಿನ ಪಕ್ಕಕ್ಕೆ ಪರೀಕ್ಷಿಸಬಹುದಾದ ಕೈಕೆಲಸವೂ ಬರಬೇಕು ಎಂಬುದು ನಮ್ಮ ವಾದ. ಉದಾಹರಣೆಗೆ, ಡಾಂಬರಿನ ಪದರ 100 ಮೀಟರ್ ಉದ್ದ, 7 ಮೀಟರ್ ಅಗಲ, 40 ಮಿ.ಮೀ. ದಪ್ಪ ಎಂದರೆ 28 ಘನ ಮೀಟರ್, ತೂಕದಲ್ಲಿ ಸುಮಾರು 65 ಟನ್ ಮಿಶ್ರಣ. ಟಿಪ್ಪರ್‌ಗಳ ತೂಕದ ಚೀಟಿ ಕೂಡಿದಾಗ 50 ಟನ್ ಮಾತ್ರ ಬಂದರೆ ಬಿದ್ದಿರುವುದು ಸುಮಾರು 31 ಮಿ.ಮೀ. ಕಾಮಗಾರಿಯ ಅಳತೆ ಬರೆಯುವ ಎಂಬಿ ಪುಸ್ತಕದಲ್ಲಿ 40 ಎಂದು ಬರೆದಿದ್ದರೆ ಸಹಿ ಹಾಕುವ ಮುನ್ನ ಈ ಲೆಕ್ಕ ಹೊಳೆಯಬೇಕು. ಅಳತೆ ಬರೆಯುವುದು ಸಹಾಯಕ ಎಂಜಿನಿಯರ್, ಮರುಅಳತೆ ಮಾಡುವುದು ಅವರ ಮೇಲಿನ ಸಹಾಯಕ ಕಾರ್ಯಪಾಲಕ ಎಂಜಿನಿಯರ್ (ಎಇಇ). ಇಬ್ಬರೂ ಕಚೇರಿಯಲ್ಲೇ ಕೂತು ಬರೆದರೆ ಎರಡು ಸಹಿಗೂ ಬೆಲೆಯಿಲ್ಲ. ಟಿಪ್ಪರ್ ಬಂದಾಗ ಥರ್ಮಾಮೀಟರ್ ಚುಚ್ಚಿ ನೋಡುವುದೂ ಹಾಗೆಯೇ. ವಿಜಿ-30 ದರ್ಜೆಯ ಡಾಂಬರಿನ ಮಿಶ್ರಣ ಹಾಸುವಾಗ 140 ಡಿಗ್ರಿಗಿಂತ ತಣ್ಣಗಿರಬಾರದು, 90ಕ್ಕಿಳಿಯುವ ಮೊದಲು ರೋಲರ್ ಕೆಲಸ ಮುಗಿಯಬೇಕು. ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ ಸಿಕ್ಕಿಬಿದ್ದ ಲೋಡನ್ನು ವಾಪಸ್ ಕಳಿಸುವ ಧೈರ್ಯ ಯಾವ ಅಂಕಪಟ್ಟಿಯಲ್ಲೂ ಕಾಣುವುದಿಲ್ಲ. ಎಷ್ಟೋ ಸಲ ಅದು ಇರುವುದು ಇಪ್ಪತ್ತು ವರ್ಷ ಸೈಟಿನಲ್ಲಿ ನಿಂತ ಡಿಪ್ಲೊಮಾದವರಲ್ಲಿ. ಅವರ ಬಡ್ತಿಯ ಬೇಡಿಕೆಯನ್ನು ಬರೀ ಸಂಘದ ಗಲಾಟೆ ಎಂದು ತಳ್ಳಿಹಾಕುವುದು ಅನ್ಯಾಯ.

2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್‌ನ ಅವಧಿ ಮುಗಿದ ಮೇಲೆ ಇಂಥ ವಿಷಯ ಚರ್ಚಿಸಲು ಚುನಾಯಿತ ಸಭೆಯೇ ಇಲ್ಲದಂತಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾಗಿ ಎಂಜಿನಿಯರ್‌ಗಳೂ ಹಂಚಿಕೆಯಾದರು. ಆದರೆ ನೀರು ಪಾಲಿಕೆಯ ಗಡಿ ನೋಡುವುದಿಲ್ಲ. ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳು ಅದರ ದಾರಿಯನ್ನು ಮೊದಲೇ ಗೊತ್ತುಮಾಡಿವೆ. ಒಂದು ಪಾಲಿಕೆಯವರು ಎತ್ತರಿಸಿದ ರಸ್ತೆಯ ನೀರು ಇನ್ನೊಂದು ಪಾಲಿಕೆಯ ರಾಜಕಾಲುವೆಗೆ ಬಂದು ಬೀಳುತ್ತದೆ. ಐದೂ ಪಾಲಿಕೆಗಳ ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ ಕಣಿವೆಯ ನಕ್ಷೆ ಓದಲು ಬರಬೇಕು, ಒಂದೇ ವಾರ್ಡಿನಲ್ಲಿ ಕನಿಷ್ಠ ಎರಡು ಮಳೆಗಾಲ ಕಳೆದಿರಬೇಕು ಎಂಬ ಎರಡು ಷರತ್ತು ಸೇರಿಸಲು ಹೊಸ ಖರ್ಚೇನೂ ಬೇಕಿಲ್ಲ.