ದಂಡ ಕಟ್ಟಿದ ಮೇಲೂ ಮುಗಿಯದ ಕೇಸು

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆಯ ಕಡೆ ಕಾಡಾನೆ ದಾಳಿಗೆ ತೋಟದ ಕಾರ್ಮಿಕರು ಬಲಿಯಾದಾಗ ಊರಿನವರು ಶವವನ್ನು ರಸ್ತೆಯಲ್ಲಿಟ್ಟು ಕೂರುವುದು ಹೊಸತೇನಲ್ಲ. ಅಧಿಕಾರಿಗಳು ಬಂದು ಪರಿಹಾರದ ಮಾತಾಡಿದ ಮೇಲೆ ರಸ್ತೆ ತೆರವಾಗುತ್ತದೆ. ಕೆಲವೊಮ್ಮೆ ಅದರ ಬೆನ್ನಿಗೇ ಅಕ್ರಮ ಕೂಟ, ಸಾರ್ವಜನಿಕ ದಾರಿಗೆ ಅಡ್ಡಿ ಎಂದು ಠಾಣೆಯಲ್ಲೊಂದು ಎಫ್‌ಐಆರ್ ದಾಖಲಾಗುತ್ತದೆ. ನನಗೆ ಪರಿಚಯದ ಯುವಕನೊಬ್ಬ 19ನೇ ವಯಸ್ಸಿನಲ್ಲಿ ಹಾಗೆ ಕೂತವನು. ಸಮನ್ಸ್ ಬಂದಾಗ, ‘ತಪ್ಪೊಪ್ಕೊಂಡು ದಂಡ ಕಟ್ಬಿಡು, ಇವತ್ತೇ ಮುಗಿದುಹೋಗುತ್ತೆ’ ಎಂದ ಹಿರಿಯರ ಮಾತು ಕೇಳಿ, ಅಕ್ರಮ ಕೂಟಕ್ಕೆ 500, ದಾರಿ ತಡೆಗೆ 100, ಒಟ್ಟು 600 ರೂಪಾಯಿ ಕಟ್ಟಿ ಮಧ್ಯಾಹ್ನದ ಬಸ್ಸಿಗೆ ಊರಿಗೆ ಮರಳಿದ. 5 ವರ್ಷದ ನಂತರ ಸರ್ಕಾರಿ ನೇಮಕಾತಿಯೊಂದರಲ್ಲಿ ಓಟ, ಲಿಖಿತ ಪರೀಕ್ಷೆ, ವೈದ್ಯಕೀಯ ತಪಾಸಣೆ ಎಲ್ಲವನ್ನೂ ದಾಟಿದವನ ಕೈಗೆ ದೃಢೀಕರಣ ನಮೂನೆ ಬಂತು. ನಿಮ್ಮನ್ನು ಎಂದಾದರೂ ಬಂಧಿಸಲಾಗಿತ್ತೇ, ನಿಮ್ಮ ಮೇಲೆ ಮೊಕದ್ದಮೆ ಹೂಡಲಾಗಿತ್ತೇ, ದಂಡ ವಿಧಿಸಲಾಗಿತ್ತೇ, ಶಿಕ್ಷೆಯಾಗಿತ್ತೇ ಎಂಬ ಪ್ರಶ್ನೆಗಳ ಎದುರು ಹೌದು ಅಥವಾ ಇಲ್ಲ ಎಂದಷ್ಟೇ ಬರೆಯಲು ಜಾಗವಿತ್ತು. ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟಿದ್ದ ದಂಡದ ರಸೀದಿಯನ್ನು ತೆಗೆದು ತೋರಿಸಿ, ‘ಇದು ಮುಗಿದ ಕೇಸಲ್ವಾ?’ ಎಂದು ಅವನು ನನ್ನನ್ನು ಕೇಳಿದ.

ಮುಗಿದಿರಲಿಲ್ಲ. ದಂಡ ಎಷ್ಟೇ ಚಿಕ್ಕದಿರಲಿ, ತಪ್ಪೊಪ್ಪಿಕೊಂಡು ಕಟ್ಟಿದರೆ ಕಾನೂನಿನ ಲೆಕ್ಕದಲ್ಲಿ ಅವನು ಅಪರಾಧ ಸಾಬೀತಾಗಿ ಶಿಕ್ಷೆಗೊಳಗಾದವನೇ. ಇಂಗ್ಲೆಂಡಿನಲ್ಲಿ 1974ರಲ್ಲೇ ಬಂದ ಕಾಯ್ದೆಯೊಂದರ ಪ್ರಕಾರ, ಸಣ್ಣ ಶಿಕ್ಷೆಗಳು ನಿಗದಿತ ವರ್ಷಗಳು ಕಳೆದ ಮೇಲೆ ಬಹುತೇಕ ಸಂದರ್ಭಗಳಲ್ಲಿ ಸವೆದುಹೋದಂತೆಯೇ. ವಯಸ್ಕನೊಬ್ಬನ ಸಣ್ಣ ಅಪರಾಧದ ದಾಖಲೆಯನ್ನು ಇಷ್ಟು ವರ್ಷದ ಮೇಲೆ ಅಳಿಸಬೇಕು ಅಥವಾ ಮುಚ್ಚಿಡಬೇಕು ಎನ್ನುವ ಸಾಮಾನ್ಯ ಕಾನೂನು ಭಾರತದಲ್ಲಿ ಇಂದಿಗೂ ಇಲ್ಲ.

ಹಾಗೆಂದು ನಮ್ಮ ಕಾನೂನು ಕ್ಷಮೆಯನ್ನೇ ಅರಿಯದ್ದಲ್ಲ. ಮೊದಲ ಸಲ ತಪ್ಪು ಮಾಡಿದವರನ್ನು ಸೆರೆಮನೆಗೆ ಕಳಿಸದೆ ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡುವ ಅವಕಾಶ 1898ರ ದಂಡ ಪ್ರಕ್ರಿಯಾ ಸಂಹಿತೆಯ 562ನೇ ಕಲಮಿನಲ್ಲೇ ಇತ್ತು. ಸ್ವಾತಂತ್ರ್ಯಾನಂತರ 1958ರಲ್ಲಿ ಬಂದ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ, ಅಂದರೆ ವಕೀಲರ ಬಾಯಲ್ಲಿ ಪ್ರೊಬೇಷನ್ ಕಾಯ್ದೆ, ಇದನ್ನು ಇನ್ನಷ್ಟು ವಿಸ್ತರಿಸಿತು. ಹಿಂದೆ ಶಿಕ್ಷೆಯಾಗಿರದ ವ್ಯಕ್ತಿ ಸಣ್ಣ ಕಳ್ಳತನವನ್ನೋ 2 ವರ್ಷ ಮೀರದ ಸೆರೆವಾಸದ ಅಪರಾಧವನ್ನೋ ಮಾಡಿದ್ದರೆ ಬರೀ ಎಚ್ಚರಿಕೆ ಕೊಟ್ಟು ಬಿಡಬಹುದೆಂದು ಅದರ 3ನೇ ಕಲಂ ಹೇಳುತ್ತದೆ; 4ನೇ ಕಲಂ ಸನ್ನಡತೆಯ ಮೇಲಿನ ಬಿಡುಗಡೆಗೆ ಸಂಬಂಧಿಸಿದ್ದು. ನಮ್ಮ ವಿಷಯಕ್ಕೆ ಮುಖ್ಯವಾದದ್ದು 12ನೇ ಕಲಂ: 3 ಅಥವಾ 4ನೇ ಕಲಮಿನಡಿ ಬಿಡುಗಡೆಯಾದವನಿಗೆ, ಶಿಕ್ಷೆಯಾದ ಕಾರಣಕ್ಕೆ ಬೇರೆ ಯಾವುದೇ ಕಾನೂನಿನಡಿ ತಗುಲುವ ಅನರ್ಹತೆ ತಗುಲಕೂಡದು. ಈ ಕಲಂ ಅಪರಾಧದ ತೀರ್ಪನ್ನೇ ಅಳಿಸುವುದಿಲ್ಲ ಎಂದು ಕೇಂದ್ರ ಮೀಸಲು ಪೊಲೀಸ್ ಪಡೆಯ ಪೇದೆಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1990ರಲ್ಲಿ ಸ್ಪಷ್ಟಪಡಿಸಿತು. ಆದರೂ ನಮ್ಮಲ್ಲಿರುವ ಆಸರೆಗಳಲ್ಲಿ ಇದೇ ದೊಡ್ಡದು. ಈ ಪ್ರಯೋಜನ ಕೊಡಬಹುದಾಗಿದ್ದೂ ಕೊಡದಿದ್ದರೆ ವಿಶೇಷ ಕಾರಣಗಳನ್ನು ತೀರ್ಪಿನಲ್ಲಿ ಬರೆಯಬೇಕು ಎಂದು 1973ರ ಸಂಹಿತೆಯ 361ನೇ ಕಲಂ ನ್ಯಾಯಾಲಯಗಳಿಗೆ ಕಟ್ಟುಪಾಡು ಹಾಕಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಆ ಕಟ್ಟುಪಾಡು ಉಳಿದಿದೆ.

ಅಕ್ರಮ ಕೂಟಕ್ಕೆ ಹೆಚ್ಚೆಂದರೆ 6 ತಿಂಗಳ ಸೆರೆವಾಸ. ದಾರಿ ತಡೆಗೆ ಹಳೆಯ ದಂಡ ಸಂಹಿತೆಯಲ್ಲಿ ಇದ್ದದ್ದು ಗರಿಷ್ಠ 200 ರೂಪಾಯಿ ದಂಡ, ಹೊಸ ನ್ಯಾಯ ಸಂಹಿತೆಯಲ್ಲಿ ಅದು 5,000 ರೂಪಾಯಿಗೆ ಏರಿದೆ. ಆ ಯುವಕನ ಪ್ರಕರಣ ಎಚ್ಚರಿಕೆಯ ಬಿಡುಗಡೆಗೆ ಹೇಳಿ ಮಾಡಿಸಿದಂತಿತ್ತು. ಆದರೆ ದಂಡ ಕಟ್ಟಲು ಸಾಲಿನಲ್ಲಿ ನಿಂತವನಿಗೆ ಅಂಥದ್ದೊಂದು ಕಲಂ ಇದೆಯೆಂದು ಹೇಳುವವರು ಇರಲಿಲ್ಲ. ಕೇಳದೆ ಕೊಡುವ ರೂಢಿಯೂ ಸಣ್ಣ ಪ್ರಕರಣಗಳ ನೂಕುನುಗ್ಗಲಿನಲ್ಲಿ ಕಾಣಿಸುವುದಿಲ್ಲ.

ಇಲ್ಲಿ ಇನ್ನೊಂದು ವಿಪರ್ಯಾಸವಿದೆ, ಅದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬೇಲಿ ಜಗಳದಲ್ಲಿ ಪಕ್ಕದ ತೋಟದವನ ಕೆನ್ನೆಗೆ ಹೊಡೆದು, ಅವಾಚ್ಯವಾಗಿ ಬೈದು, ಅಡ್ಡಗಟ್ಟಿದವನು ನಾಳೆ ರಾಜಿಯಾಗಬಹುದು. ಹಾಗೆ ರಾಜಿಯಾದ ಪ್ರಕರಣಕ್ಕೆ ಕಾನೂನು ಖುಲಾಸೆಯ ಫಲವನ್ನೇ ಕೊಡುತ್ತದೆ. ಆದರೆ ಅಕ್ರಮ ಕೂಟ, ದಾರಿ ತಡೆ, ಬೀದಿ ಜಗಳ ಇವುಗಳಲ್ಲಿ ನೊಂದವರು ‘ಸಾರ್ವಜನಿಕರು’ ಆದ್ದರಿಂದ ರಾಜಿ ಮಾಡಿಕೊಳ್ಳಲು ಎದುರಿಗೆ ವ್ಯಕ್ತಿಯೇ ಇರುವುದಿಲ್ಲ. ಒಬ್ಬನ ಮೈಮೇಲೆ ಕೈ ಮಾಡಿದವನ ದಾಖಲೆ ತಿಳಿಯಾಗುತ್ತದೆ, ಸತ್ತವರ ಮನೆಯವರ ಪರವಾಗಿ ರಸ್ತೆಯಲ್ಲಿ ಕೂತವನದು ಆಗುವುದಿಲ್ಲ. ರೈತರ ಮೇಲಿನ, ಕನ್ನಡ ಹೋರಾಟಗಾರರ ಮೇಲಿನ ಕೇಸುಗಳನ್ನು ಹಿಂಪಡೆಯುತ್ತೇವೆಂದು ಸರ್ಕಾರಗಳು ಆಗಾಗ ಹೇಳುವುದುಂಟು. ಅಭಿಯೋಜಕರು ನ್ಯಾಯಾಲಯದ ಒಪ್ಪಿಗೆ ಪಡೆದು ಹಾಗೆ ಹಿಂಪಡೆಯಲು ಸಾಧ್ಯವಿರುವುದು ತೀರ್ಪು ಹೊರಬೀಳುವವರೆಗೆ ಮಾತ್ರ. ಸಮನ್ಸಿಗೆ ಓಗೊಟ್ಟು ಮೊದಲ ದಿನವೇ ದಂಡ ಕಟ್ಟಿದವನಿಗೆ ಆ ಬಾಗಿಲೂ ಮುಚ್ಚಿರುತ್ತದೆ.

ಮಕ್ಕಳ ವಿಷಯದಲ್ಲಿ ಕಾನೂನು ಬಹಳ ಹಿಂದೆಯೇ ಬೇರೆ ಹಾದಿ ಹಿಡಿದಿದೆ. 2000ದ ಬಾಲ ನ್ಯಾಯ ಕಾಯ್ದೆಯ 19ನೇ ಕಲಂ, ನಂತರ 2015ರ ಕಾಯ್ದೆಯ 24ನೇ ಕಲಂ, ಕಾನೂನಿನೊಡನೆ ಸಂಘರ್ಷಕ್ಕೆ ಬಿದ್ದ ಮಗುವಿಗೆ ಯಾವ ಅನರ್ಹತೆಯೂ ಅಂಟದಂತೆ ನೋಡಿಕೊಂಡವು. ಘೋರ ಅಪರಾಧದಲ್ಲಿ ವಯಸ್ಕರಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥರೆಂದಾದ, 16 ದಾಟಿದವರನ್ನು ಬಿಟ್ಟರೆ ಉಳಿದವರ ದಾಖಲೆಗಳನ್ನು ಮೇಲ್ಮನವಿಯ ಅವಧಿ ಮುಗಿದ ಮೇಲೆ ಅಥವಾ 7 ವರ್ಷದ ನಂತರ ನಾಶಪಡಿಸಬೇಕೆಂದು ನಿಯಮಗಳು ಹೇಳುತ್ತವೆ. ಅದೇ ರಸ್ತೆಯಲ್ಲಿ, ಅದೇ ಶವದ ಪಕ್ಕ 17ರ ಹುಡುಗ ಕೂತಿದ್ದರೆ ಅವನ ದಾಖಲೆಗೆ ಕೊನೆಯಿದೆ, 19ರವನದಕ್ಕೆ ಇಲ್ಲ.

ಮೊದಲು ಈ ಕೊರತೆ ಇಷ್ಟು ಕಾಡುತ್ತಿರಲಿಲ್ಲ. ಕಡತಗಳು ಕೆಂಪು ಬಟ್ಟೆಯ ಗಂಟಿನಲ್ಲಿ ದಾಖಲೆ ಕೊಠಡಿ ಸೇರುತ್ತಿದ್ದವು, ಠಾಣೆಯ ಸಿಬ್ಬಂದಿ ಬದಲಾಗುತ್ತಿದ್ದರು, ಊರೂ ಮರೆಯುತ್ತಿತ್ತು. ಠಾಣೆಗಳನ್ನು ಬೆಸೆಯುವ ಸಿಸಿಟಿಎನ್‌ಎಸ್ ಜಾಲ, ಇ-ಕೋರ್ಟ್ಸ್ ಜಾಲತಾಣ, ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಏರಿಸಬೇಕೆಂಬ 2016ರ ಸುಪ್ರೀಂ ಕೋರ್ಟ್ ಆದೇಶ ಇವೆಲ್ಲ ಪಾರದರ್ಶಕತೆಗೆ ಬೇಕಾದವೇ. ಆದರೆ ಹೆಸರು ಟೈಪಿಸಿದರೆ ಯಾರದೇ ಮೊಬೈಲಿನಲ್ಲಿ ಹಳೆಯ ಪ್ರಕರಣ ತೆರೆದುಕೊಳ್ಳುವ ಕಾಲವನ್ನು ತಂದದ್ದೂ ಅವೇ. 2022ರ ಗುರುತಿಸುವಿಕೆ ಕಾಯ್ದೆಯಂತೂ ಬೆರಳಚ್ಚು ಮುಂತಾದ ಅಳತೆಗಳನ್ನು 75 ವರ್ಷ ಕಾಯ್ದಿಡಲು ಅವಕಾಶ ಕೊಟ್ಟಿದೆ.

ಶಾಸನಸಭೆಗಳು ಮೌನವಾಗಿದ್ದ ಕಡೆ ನ್ಯಾಯಾಲಯಗಳು ಅಷ್ಟಿಷ್ಟು ದಾರಿ ಮಾಡಿವೆ. ನ್ಯಾಯಾಲಯದ ಆದೇಶದಲ್ಲಿ ಮಹಿಳೆಯೊಬ್ಬರ ಹೆಸರು ಅಂತರ್ಜಾಲದ ಹುಡುಕಾಟಕ್ಕೆ ಸಿಗದಂತೆ ಮಾಡಬೇಕೆಂದು ಕರ್ನಾಟಕ ಹೈಕೋರ್ಟ್ 2017ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ಆಗಸ್ಟ್ 24ರಂದು, ಕರ್ನಾಟಕದವರೇ ಆದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಉದ್ಯೋಗದ ಮಟ್ಟಿಗೆ ಹೆಚ್ಚು ನೆರವಾಗುವುದು ಸುಪ್ರೀಂ ಕೋರ್ಟಿನದೇ 2016ರ ಅವತಾರ್ ಸಿಂಗ್ ತೀರ್ಪು: ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವನ್ನು ಅಭ್ಯರ್ಥಿ ಮುಚ್ಚಿಟ್ಟಿದ್ದರೂ ನೇಮಕಾತಿ ಪ್ರಾಧಿಕಾರ ತನ್ನ ವಿವೇಚನೆಯಿಂದ ಅದನ್ನು ಮನ್ನಿಸಬಹುದು. ವಿವೇಚನೆ ಎಂದರೆ ಹಕ್ಕಲ್ಲ. ಆದ್ದರಿಂದ ನಮೂನೆಯಲ್ಲಿ ‘ಇಲ್ಲ’ ಎಂದು ಬರೆಯುವ ಸಾಹಸಕ್ಕೆ ಯಾರೂ ಇಳಿಯಬಾರದು. ಅನೇಕರ ಕೆಲಸ ಹೋಗಿರುವುದು ಪ್ರಕರಣದಿಂದಲ್ಲ, ಅದನ್ನು ಮುಚ್ಚಿಟ್ಟದ್ದರಿಂದ.

ಆ ಯುವಕ ‘ಹೌದು’ ಎಂದೇ ಬರೆದ, ಕೆಳಗೆ ಪ್ರಕರಣದ ಸಂಖ್ಯೆಯನ್ನೂ ಸೇರಿಸಿದ. ಮೇಲ್ಮನವಿ ಮತ್ತು ಪುನರೀಕ್ಷಣೆ ಕೇಳುವ ನ್ಯಾಯಾಲಯಗಳೂ ಎಚ್ಚರಿಕೆಯ ಬಿಡುಗಡೆಯ ಆದೇಶ ಮಾಡಬಹುದೆಂದು ಪ್ರೊಬೇಷನ್ ಕಾಯ್ದೆಯ 11ನೇ ಕಲಂ ಹೇಳುತ್ತದೆ. ಪುನರೀಕ್ಷಣೆಗೆ ಇರುವ ಗಡುವು 90 ದಿನ. ಅವನದು 5 ವರ್ಷ ದಾಟಿದೆ. ವಿಳಂಬ ಮನ್ನಿಸಲು ಕೋರಿದ ಅರ್ಜಿಯೊಂದಿಗೆ ಅವನ ಕಡತ ಈಗ ಹಾಸನದ ಜಿಲ್ಲಾ ನ್ಯಾಯಾಲಯದಲ್ಲಿದೆ, 600 ರೂಪಾಯಿಯ ರಸೀದಿಯ ನಕಲನ್ನೂ ಅದಕ್ಕೆ ಲಗತ್ತಿಸಲಾಗಿದೆ.