ಲೀನ್ ಕೋಡ್ ಬಿಡದ ಹಳೆಯ ಪಿಕಪ್

ಆ ಗಾಡಿ ನನ್ನ ಹತ್ತಿರ ಬರುವ ಮೊದಲು ಮೂರು ಗ್ಯಾರೇಜ್ ಸುತ್ತಿತ್ತು. 2001ರ ಮಾಡೆಲ್ ಫೋರ್ಡ್ ಎಫ್-150 ಪಿಕಪ್, 5.4 ಲೀಟರಿನ ವಿ-8 ಪೆಟ್ರೋಲ್ ಎಂಜಿನ್. ಅಮೆರಿಕದಿಂದ ಸೆಕೆಂಡ್‌ಹ್ಯಾಂಡ್ ಆಗಿ ಬಂದದ್ದು. ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಇಂಥ ಗಾಡಿಗಳು ಬೇಕಾದಷ್ಟು ಸಿಗುತ್ತವೆ. ಓನರ್ ಕುಂದಾಪುರ ಕಡೆಯವರು. "ಎಂಟು ತಿಂಗಳಾಯ್ತು ಮಾರಾಯ್ರೆ. ಮೀಟರಿನ ಎಂಜಿನ್ ಲೈಟ್ ತೆಗೀತಾರೆ, ಮೂರು ದಿನಕ್ಕೆ ಪುನಃ ಬರ್ತದೆ" ಅಂದರು.

ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದರೆ ಎರಡು ಕೋಡ್, ಅಂದರೆ ದೋಷದ ನಂಬರ್. ಪಿ0171 ಮತ್ತು ಪಿ0174. ಎಂಜಿನ್ನಿನ ಎರಡೂ ಬದಿ ಲೀನ್ ಅಂತ ಅರ್ಥ. ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಇಷ್ಟರಲ್ಲಿ ನಾಲ್ಕು ಆಕ್ಸಿಜನ್ ಸೆನ್ಸರ್, ಎಂಟು ಪ್ಲಗ್, ಒಳಗೆ ಬರುವ ಗಾಳಿ ಅಳೆಯುವ ಒಂದು ಏರ್‌ಫ್ಲೋ ಸೆನ್ಸರ್ ಎಲ್ಲ ಹೊಸದಾಗಿ ಬಿದ್ದಿದ್ದವು. ಕೋಡ್ ಮಾತ್ರ ಹಾಗೇ ಇತ್ತು.

ಈ ಕೋಡ್ ಬಂದರೆ ಮೊದಲು ಆಕ್ಸಿಜನ್ ಸೆನ್ಸರ್ ಬದಲಾಯಿಸುವ ಅಭ್ಯಾಸ ತುಂಬಾ ಜನರಿಗಿದೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ, ಯಾಕಂದರೆ ದುಡ್ಡು ಹೋಗುವುದು ಗಾಡಿ ನಂಬಿ ಬದುಕುವವರದ್ದು. ಆಕ್ಸಿಜನ್ ಸೆನ್ಸರ್ ಇರುವುದು ಎಕ್ಸಾಸ್ಟ್ ಪೈಪಿನಲ್ಲಿ. ಉರಿದು ಹೊರಗೆ ಬರುವ ಹೊಗೆಯಲ್ಲಿ ಆಕ್ಸಿಜನ್ ಎಷ್ಟು ಉಳಿದಿದೆ ಅಂತ ಅದು ಹೇಳುತ್ತದೆ. ಲೀನ್ ಅಂತ ಹೇಳಿದ್ದಕ್ಕೇ ಅದನ್ನು ಕಿತ್ತು ಹಾಕಿದರೆ, ಜ್ವರ ತೋರಿಸಿದ ಥರ್ಮಾಮೀಟರನ್ನು ಎಸೆದ ಹಾಗಾಯಿತು. ಅದೂ ಅಲ್ಲದೆ ಈ ಗಾಡಿಯಲ್ಲಿ ಎರಡೂ ಬದಿಗೆ ಬೇರೆ ಬೇರೆ ಸೆನ್ಸರ್ ಇವೆ. ಎರಡೂ ಒಂದೇ ದಿನ ಒಂದೇ ರೀತಿ ಕೆಡುವುದು ಅಪರೂಪ. ಎರಡೂ ಬದಿಯ ಕೋಡ್ ಒಟ್ಟಿಗೆ ಬಂದರೆ ಎರಡಕ್ಕೂ ಸೇರಿದ ಜಾಗ ಹುಡುಕಬೇಕು. ಗಾಳಿ ಒಳಗೆ ಬರುವ ದಾರಿ, ಗಾಳಿ ಅಳೆಯುವ ಸೆನ್ಸರ್, ಪೆಟ್ರೋಲ್ ಪಂಪು, ಫಿಲ್ಟರ್. ಒಂದೇ ಬದಿಯ ಕೋಡ್ ಬಂದಿದ್ದರೆ ಮಾತು ಬೇರೆ. ಆಗ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿರುಕಿನಿಂದ ಹೊರಗಿನ ಗಾಳಿ ಸೆನ್ಸರಿಗೆ ತಾಗುತ್ತಿದೆಯೋ, ಒಂದು ಸಿಲಿಂಡರ್ ಮಿಸ್ ಹೊಡೆದು ಉರಿಯದ ಗಾಳಿ ಹೊರಗೆ ಬರುತ್ತಿದೆಯೋ ಅಂತ ನೋಡುತ್ತೇನೆ.

ಪೆಟ್ರೋಲ್ ಎಂಜಿನ್ನಿಗೆ ಬೇಕಾದ ಲೆಕ್ಕ 14.7 ಕೆಜಿ ಗಾಳಿಗೆ 1 ಕೆಜಿ ಪೆಟ್ರೋಲ್. ಇದು ತಪ್ಪಿದರೆ ಕಂಪ್ಯೂಟರ್ ತಾನೇ ಪೆಟ್ರೋಲ್ ಹೆಚ್ಚಿಸಿ ಅಥವಾ ಇಳಿಸಿ ಸರಿ ಮಾಡುತ್ತದೆ. ಹೀಗೆ ಎಷ್ಟು ಹೆಚ್ಚಿಸಿತು, ಎಷ್ಟು ಇಳಿಸಿತು ಅನ್ನುವುದೇ ಫ್ಯುಯೆಲ್ ಟ್ರಿಮ್. ಸ್ಕ್ಯಾನರಿನಲ್ಲಿ ಶೇಕಡಾ ಲೆಕ್ಕದಲ್ಲಿ ಕಾಣುತ್ತದೆ. ಹತ್ತರ ಒಳಗಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಪ್ಲಸ್ 25ರ ಆಸುಪಾಸಿಗೆ ಹೋದರೆ ಕಂಪ್ಯೂಟರ್ ಕೈ ಚೆಲ್ಲಿ ಲೈಟ್ ಹಾಕುತ್ತದೆ. ಒಂದು ಪಾರ್ಟ್ ಕೊಳ್ಳುವ ಮೊದಲು ಈ ನಂಬರನ್ನು ಮೂರು ಹೊತ್ತಿನಲ್ಲಿ ಬರೆದುಕೊಳ್ಳಬೇಕು. ಐಡಲ್‌ನಲ್ಲಿ (ಆಕ್ಸಿಲೇಟರ್ ಒತ್ತದೆ ಎಂಜಿನ್ ಸುಮ್ನೆ ಓಡುವಾಗ), ನಿಂತಲ್ಲೇ 2500 ಆರ್‌ಪಿಎಮ್‌ನಲ್ಲಿ, ಮತ್ತೆ ರೋಡಿನಲ್ಲಿ ಎಂಜಿನ್ನಿಗೆ ಲೋಡ್ ಬಿದ್ದಾಗ.

ನಾನು ಅವತ್ತು ಮೊದಲಿನ ಎರಡನ್ನು ಮಾತ್ರ ಬರೆದುಕೊಂಡೆ. ಐಡಲ್‌ನಲ್ಲಿ ಎರಡೂ ಬದಿ ಪ್ಲಸ್ 24. 2500ರಲ್ಲಿ ಪ್ಲಸ್ 10.

ಐಡಲ್‌ನಲ್ಲಿ ಜಾಸ್ತಿ, ರೇಸ್ ಮಾಡಿದರೆ ಕಮ್ಮಿ ಅಂದರೆ ಎಲ್ಲೋ ಗಾಳಿ ಕದ್ದು ಒಳಗೆ ನುಗ್ಗುತ್ತಿದೆ ಅಂತ ಅರ್ಥ. ಯಾಕೆ ಅಂತ ಒಂದು ಲೆಕ್ಕ ನೋಡಿ. ಇಷ್ಟು ದೊಡ್ಡ ಎಂಜಿನ್ ಐಡಲ್‌ನಲ್ಲಿ ಸೆಕೆಂಡಿಗೆ ಸುಮಾರು 5 ಗ್ರಾಂ ಗಾಳಿ ಎಳೆಯುತ್ತದೆ. ಅದರಲ್ಲಿ 1 ಗ್ರಾಂ ಬಿರುಕಿನಿಂದ ಬಂದರೆ ಏರ್‌ಫ್ಲೋ ಸೆನ್ಸರಿಗೆ ಕಾಣುವುದು ನಾಲ್ಕೇ. ಕಂಪ್ಯೂಟರ್ ನಾಲ್ಕಕ್ಕೆ ಪೆಟ್ರೋಲ್ ಬಿಡುತ್ತದೆ, ಆಮೇಲೆ ಶೇಕಡಾ 25 ಜಾಸ್ತಿ ಸೇರಿಸಬೇಕಾಗುತ್ತದೆ. ಅದೇ 2500ಕ್ಕೆ ಏರಿಸಿದರೆ ಎಂಜಿನ್ ಸುಮಾರು 20 ಗ್ರಾಂ ಎಳೆಯುತ್ತದೆ. ಕದ್ದು ಬರುವ ಆ 1 ಗ್ರಾಂ ಅಲ್ಲಿ ಶೇಕಡಾ 5ರಷ್ಟೇ.

ಇದನ್ನು ನೀವು ಗಮನಿಸಿರಬಹುದು. ಲೆಕ್ಕದ ಪ್ರಕಾರ 5 ಬರಬೇಕಿತ್ತು, ನನಗೆ ಸಿಕ್ಕಿದ್ದು 10. ಆ ಐದನ್ನು ನಾನು ಅವತ್ತು ಬಿಟ್ಟುಬಿಟ್ಟೆ.

ಗಾಳಿ ನುಗ್ಗುವ ಜಾಗ ಹುಡುಕಲು, ಗಾಳಿಯ ದಾರಿಗೆ ಹೊಗೆ ತುಂಬುವ ಸ್ಮೋಕ್ ಮೆಷಿನ್ ಹಾಕಿದೆ. ಹಿಂದಿನ ಗ್ಯಾರೇಜಿನಲ್ಲಿ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ನೋಡಿದ್ದರಂತೆ, ಏನೂ ಸಿಕ್ಕಿರಲಿಲ್ಲ. ಸ್ಪ್ರೇ ಮೇಲಿನಿಂದ ಬೀಳುತ್ತದೆ, ಅಡಿಗೆ ತಲುಪುವುದಿಲ್ಲ. ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿಯ ಭಯ ಬೇರೆ. ಹೊಗೆ ಹಾಗಲ್ಲ, ಎಲ್ಲಿ ಸಂದು ಇದ್ದರೂ ಹೊರಗೆ ಬರುತ್ತದೆ. ಎರಡು ನಿಮಿಷಕ್ಕೆ, ಎಂಜಿನ್ನಿಗೆ ಹೋಗುವ ಗಾಳಿಯನ್ನು ಹೆಚ್ಚು ಕಮ್ಮಿ ಮಾಡುವ ಥ್ರಾಟಲ್ ಬಾಡಿಯ ಹಿಂಭಾಗದಿಂದ ಸಣ್ಣಗೆ ಎದ್ದಿತು. ಅಲ್ಲಿ ಪಿಸಿವಿ ಹೋಸಿಗೆ, ಅಂದರೆ ಎಂಜಿನ್ನಿನ ಆಯಿಲ್ ಆವಿಯನ್ನು ವಾಪಸ್ ಒಳಗೆ ಎಳೆಯುವ ಪೈಪಿಗೆ, ಒಂದು ಬಾಗಿದ ರಬ್ಬರ್ ಎಲ್ಬೋ ಇದೆ, ಬೆರಳುದ್ದದ್ದು. ಕಣ್ಣಿಗೆ ಕಾಣುವ ಮೇಲ್ಭಾಗ ಚೆನ್ನಾಗೇ ಇತ್ತು. ಕೈ ಹಾಕಿ ಅಡಿಭಾಗ ಮುಟ್ಟಿದರೆ ನೆನೆದ ಅವಲಕ್ಕಿ ಹಾಗೆ ಮೆತ್ತಗಾಗಿ, ಉದ್ದಕ್ಕೆ ಸೀಳಿತ್ತು. ವರ್ಷಗಟ್ಟಲೆ ಆಯಿಲ್ ಆವಿ ಕುಡಿದು, ಮರುಭೂಮಿಯ ಬಿಸಿಲಿನಲ್ಲಿ ಎಂಜಿನ್ ಪಕ್ಕದಲ್ಲೇ ಬೆಂದ ರಬ್ಬರ್. ವಯಸ್ಸಾದರೆ ಯಾವ ಕಂಪನಿಯ ರಬ್ಬರಾದರೂ ಹೀಗೇ ಆಗುತ್ತದೆ. ಕಡಿಮೆ ದುಡ್ಡಿನ ಸಾಮಾನು. ಬದಲಾಯಿಸಿದೆ, ಮೆಮೊರಿ ಕ್ಲಿಯರ್ ಮಾಡಿದೆ. ಐಡಲ್‌ನಲ್ಲಿ ಟ್ರಿಮ್ ಪ್ಲಸ್ 2ಕ್ಕೆ ಇಳಿಯಿತು. ಊರೊಳಗೆ ಒಂದು ರೌಂಡ್ ಓಡಿಸಿ ಕೀ ಕೊಟ್ಟೆ.

ಹತ್ತನೇ ದಿನಕ್ಕೆ ಫೋನ್. "ಪುನಃ ಬಂತು ಮಾರಾಯ್ರೆ, ಖೋರ್‌ಫಕ್ಕಾನಿಗೆ ಹೋಗುವಾಗ." ಶಾರ್ಜಾದಿಂದ ಬೆಟ್ಟ ದಾಟಿ ಹೋಗುವ ಊರು ಅದು.

ಈಗ ಮೊದಲು ನೋಡಿದ್ದು ಫ್ರೀಜ್ ಫ್ರೇಮ್. ಕೋಡ್ ಬಿದ್ದ ಕ್ಷಣದಲ್ಲಿ ಗಾಡಿ ಯಾವ ಸ್ಥಿತಿಯಲ್ಲಿತ್ತು ಅಂತ ಕಂಪ್ಯೂಟರ್ ಒಂದು ಫೋಟೋ ತೆಗೆದಿಟ್ಟ ಹಾಗೆ ಅದು. 2800 ಆರ್‌ಪಿಎಮ್, ಎಂಜಿನ್ ಲೋಡ್ ಶೇಕಡಾ 70ರ ಮೇಲೆ. ಬೆಟ್ಟ ಹತ್ತುವಾಗ ಬಿದ್ದ ಕೋಡ್. ಐಡಲ್‌ನಲ್ಲಿ ಈಗಲೂ ಟ್ರಿಮ್ ಸರಿ ಇದೆ. ಹಾಗಾದರೆ ಗಾಳಿ ಕದಿಯುವ ಬಿರುಕಿನ ಕಥೆ ಮುಗಿದಿದೆ. ಇದು ಎರಡನೇ ಕಾಯಿಲೆ. ಮೊದಲಿನಿಂದಲೂ ಇತ್ತು, ಮೊದಲನೆಯದು ಅದನ್ನು ಮುಚ್ಚಿಟ್ಟಿತ್ತು. ನಾನು ಬಿಟ್ಟುಬಿಟ್ಟ ಆ ಐದು ಇದೇ. ಅವತ್ತೇ ಲೋಡ್ ಹಾಕಿ ಓಡಿಸಿದ್ದರೆ ಅವರು ಇನ್ನೊಂದು ಸಲ ಬರಬೇಕಾಗಿರಲಿಲ್ಲ. ಅದಕ್ಕೆ ಈ ಸಲದ ಕೆಲಸಕ್ಕೆ ದುಡ್ಡು ತಗೊಳ್ಳಲಿಲ್ಲ.

ಲೋಡ್ ಬಿದ್ದಾಗ ಲೀನ್ ಆಗಲು ಮುಖ್ಯವಾಗಿ ಎರಡು ಕಾರಣ. ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ, ಅಥವಾ ಏರ್‌ಫ್ಲೋ ಸೆನ್ಸರ್ ಗಾಳಿಯನ್ನು ಕಮ್ಮಿ ಲೆಕ್ಕ ಹಾಕುತ್ತಿದೆ. ಪೆಟ್ರೋಲ್ ಮೊದಲು ನೋಡಿದೆ. ಪ್ರೆಶರ್ ಗೇಜ್ ಸಿಕ್ಕಿಸಿ ಗಾಜಿನ ಮೇಲೆ ಟೇಪ್ ಹಾಕಿ ಅಂಟಿಸಿ ಓಡಿಸಿದೆ. ನಿಂತಲ್ಲಿ ಪ್ರೆಶರ್ ನೋಡಿ ಪಂಪು ಚೆನ್ನಾಗಿದೆ ಅನ್ನಬಾರದು. ನಿಂತ ಗಾಡಿಗೆ ಸೋತ ಪಂಪೂ ಸಾಕಾಗುತ್ತದೆ. ಆಕ್ಸಿಲೇಟರ್ ಪೂರ್ತಿ ಒತ್ತಿದಾಗಲೂ 40 ಪಿಎಸ್‌ಐ ಹತ್ತಿರವೇ ನಿಂತಿತ್ತು, ಇಳಿಯಲಿಲ್ಲ. ಪಂಪು, ಫಿಲ್ಟರ್ ಎರಡೂ ಸರಿ.

ಉಳಿದದ್ದು ಏರ್‌ಫ್ಲೋ ಸೆನ್ಸರ್. ಹೊಸದು ಅಂತ ಯಾರೂ ಅನುಮಾನ ಪಟ್ಟಿರಲಿಲ್ಲ. ಈ ಕಾಲದ ಫೋರ್ಡ್ ಗಾಡಿಗಳಲ್ಲಿ ಒಂದು ಒಳ್ಳೆಯ ಉಪಾಯ ಇದೆ. ಸ್ಕ್ಯಾನರಿನಲ್ಲಿ ಬ್ಯಾರೋ ಅಂತ ಒಂದು ಸಾಲು ಬರುತ್ತದೆ, ಹೊರಗಿನ ವಾತಾವರಣದ ಒತ್ತಡ. ಅದನ್ನು ಅಳೆಯಲು ಇಲ್ಲಿ ಬೇರೆ ಸೆನ್ಸರ್ ಇಲ್ಲ. ಆಕ್ಸಿಲೇಟರ್ ಜೋರಾಗಿ ಒತ್ತಿದಾಗ ಎಷ್ಟು ಗಾಳಿ ಬಂತು ಅಂತ ಏರ್‌ಫ್ಲೋ ಸೆನ್ಸರ್ ಹೇಳುತ್ತದಲ್ಲ, ಅದರಿಂದ ಕಂಪ್ಯೂಟರ್ ಅಂದಾಜು ಮಾಡುತ್ತದೆ. ಶಾರ್ಜಾ ಸಮುದ್ರದ ಪಕ್ಕದ ಊರು. ಅಲ್ಲಿ ಪಾದರಸದ ಲೆಕ್ಕದಲ್ಲಿ 29ರಿಂದ 30 ಇಂಚಿನೊಳಗೆ ತೋರಿಸಬೇಕು. ಈ ಗಾಡಿ 26 ತೋರಿಸುತ್ತಿತ್ತು. 26 ಅಂದರೆ ಸುಮಾರು 1150 ಮೀಟರ್ ಎತ್ತರದ ಗಾಳಿ. ಸಮುದ್ರದ ಪಕ್ಕದಲ್ಲಿ ಓಡುವ ಗಾಡಿ ತಾನು ಮಡಿಕೇರಿಯಲ್ಲಿ ಇದ್ದೇನೆ ಅಂತ ತಿಳಿದು, ಅಲ್ಲಿನ ತೆಳು ಗಾಳಿಗೆ ತಕ್ಕ ಹಾಗೆ ಪೆಟ್ರೋಲ್ ಕಮ್ಮಿ ಬಿಡುತ್ತಿತ್ತು. ಹಾಕಿದ್ದ ಸೆನ್ಸರ್ ಹೊಸದೇ, ಆದರೆ ಕಂಪನಿಯದ್ದಲ್ಲ. ಕಮ್ಮಿ ರೇಟಿನ, ಹೆಸರಿಲ್ಲದ ನಕಲು. ಕಮ್ಮಿ ಗಾಳಿ ಹೋಗುವಾಗ ಸರಿಯಾಗಿ ಅಳೆಯುತ್ತದೆ, ಜಾಸ್ತಿಯಾದರೆ ಹಿಂದೆ ಬೀಳುತ್ತದೆ.

ಹಳೆಯ ಸೆನ್ಸರ್ ಎಲ್ಲಿ ಅಂತ ಕೇಳಿದೆ. ಪುಣ್ಯಕ್ಕೆ ಅವರು ಎಸೆದಿರಲಿಲ್ಲ, ಸೀಟಿನ ಹಿಂದಿನ ಡಬ್ಬದಲ್ಲಿತ್ತು. ತಂತಿಯ ಮೇಲೆ ಸ್ವಲ್ಪ ಧೂಳಿನ ಪದರ, ಅಷ್ಟೇ. ಅದಕ್ಕೆಂದೇ ಬರುವ ಏರ್‌ಫ್ಲೋ ಕ್ಲೀನರ್ ಹೊಡೆದು, ಪೂರ್ತಿ ಒಣಗಲು ಬಿಟ್ಟು ಹಾಕಿದೆ. ಬಟ್ಟೆ, ಬ್ರಷ್ಷು, ಬೆರಳು ಯಾವುದನ್ನೂ ಆ ತಂತಿಗೆ ತಾಗಿಸಬೇಡಿ. ಕೂದಲಿನಷ್ಟು ಸಣ್ಣದು, ತುಂಡಾದರೆ ಮುಗಿಯಿತು. ಮೆಮೊರಿ ಕ್ಲಿಯರ್ ಮಾಡಿದ ಮೇಲೆ ಒಂದೆರಡು ಸಲ ಆಕ್ಸಿಲೇಟರ್ ಚೆನ್ನಾಗಿ ಒತ್ತಿ ಓಡಿಸಬೇಕು. ಆಗಲೇ ಕಂಪ್ಯೂಟರ್ ಬ್ಯಾರೋ ಹೊಸದಾಗಿ ಕಲಿಯುವುದು.

ಊರಿನ ಮೆಕ್ಯಾನಿಕ್ ಹುಡುಗರಿಗೆ ಇಲ್ಲಿ ಒಂದು ಮಾತು. ನಮ್ಮಲ್ಲಿ ಪಿಕಪ್ ಅಂದರೆ ಹೆಚ್ಚಾಗಿ ಡೀಸೆಲ್, ಅವಕ್ಕೆ ಈ ಲೆಕ್ಕ ಸೇರುವುದಿಲ್ಲ. ಏರ್‌ಫ್ಲೋ ಸೆನ್ಸರ್ ಇರುವ ಪೆಟ್ರೋಲ್ ಕಾರಿಗೆ ಸೇರುತ್ತದೆ. ಆದರೆ ನಮ್ಮ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ತುಂಬಾ ಕಡೆ ಏರ್‌ಫ್ಲೋ ಬದಲು ಮ್ಯಾಪ್ ಸೆನ್ಸರ್ ಇರುತ್ತದೆ. ಅದು ಗಾಳಿ ಒಳಗೆ ಹೋಗುವ ಮ್ಯಾನಿಫೋಲ್ಡಿನ ಒತ್ತಡ ನೋಡಿ ಪೆಟ್ರೋಲ್ ಲೆಕ್ಕ ಹಾಕುತ್ತದೆ. ಬಿರುಕಿನಿಂದ ಬಂದ ಗಾಳಿಯೂ ಅದರ ಲೆಕ್ಕಕ್ಕೆ ಸಿಗುತ್ತದೆ. ಅಂಥ ಕಾರಿನಲ್ಲಿ ಗಾಳಿ ಕದ್ದರೆ ಲೀನ್ ಕೋಡಿಗಿಂತ ಐಡಲ್ ಏರುವುದೇ ಮೊದಲು ಕಾಣುತ್ತದೆ. ಯಾವ ಸೆನ್ಸರ್ ಇದೆ ಅಂತ ತಿಳಿದುಕೊಳ್ಳದೆ ಸುಮ್ನೆ ಟ್ರಿಮ್ ನೋಡಿ ಪ್ರಯೋಜನ ಇಲ್ಲ.

ಈ ಸಲ ನಾನೇ ಪಕ್ಕದಲ್ಲಿ ಕೂತು ಖೋರ್‌ಫಕ್ಕಾನ್ ದಾರಿಯ ಏರು ಹತ್ತಿಸಿದೆ. ಸ್ಕ್ಯಾನರ್ ತೊಡೆಯ ಮೇಲಿತ್ತು. ಲೋಡ್ 75, ಒಂದು ಬದಿ ಪ್ಲಸ್ 3, ಇನ್ನೊಂದು ಪ್ಲಸ್ 4. ಬ್ಯಾರೋ 29ರ ಮೇಲೆ. ಅವರು ಏನೂ ಮಾತಾಡದೆ ನಂಬರನ್ನೇ ನೋಡುತ್ತಾ ಓಡಿಸುತ್ತಿದ್ದರು. ವಾಪಸ್ ಬಂದ ಮೇಲೆ ಡಬ್ಬದಲ್ಲಿದ್ದ ನಾಲ್ಕು ಹಳೆಯ ಆಕ್ಸಿಜನ್ ಸೆನ್ಸರ್ ತೋರಿಸಿ "ಇದನ್ನು ಬಿಸಾಡ್ಲಾ?" ಅಂದರು. ಒಂದನ್ನು ಹಾಕಿ ನೋಡಿದೆ. ಉರಿಯುವ ಇಂಧನ ಜಾಸ್ತಿಯಾದರೆ ಒಳ್ಳೆಯ ಸೆನ್ಸರಿನ ವೋಲ್ಟ್ ಏರಬೇಕು. ಗಾಳಿ ಒಳಗೆ ಹೋಗುವ ಇನ್‌ಟೇಕಿಗೆ ಸ್ವಲ್ಪ ಗ್ಯಾಸ್ ಬಿಟ್ಟ ಕೂಡಲೇ 0.8 ವೋಲ್ಟ್ ದಾಟಿತು, ನಿಲ್ಲಿಸಿದ ತಕ್ಷಣ ಇಳಿಯಿತು. ಉಳಿದ ಮೂರನ್ನೂ ಹಾಗೇ ನೋಡಿದೆ. ನಾಲ್ಕೂ ಚೆನ್ನಾಗಿದ್ದವು. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೇಲೆ ತಾರೀಕು ಬರೆದು, ಸೀಟಿನ ಹಿಂದೆ ಇಟ್ಟುಕೊಳ್ಳಲು ಹೇಳಿದೆ.